ಪಾಯಿಂಟರ್ ಮತ್ತು ಪಾರಿವಾಳ

ಪ್ರೋಗ್ರಾಂ ಬರೆಯುವುದು ನನ್ನ ಹೊಟ್ಟೆಪಾಡು. ಹಾಗಾಗಿ ಪಾಯಿಂಟರ್ ಅಂದರೆ ನನಗೆ ಸಿ ಭಾಷೆಯದ್ದೇ. ಸ್ನೇಹಿತನ ಮನೆಯಲ್ಲಿ ಬಿಳಿ ಮೈ, ಕಂದು ಮಚ್ಚೆಯ ನಾಯಿಯೊಂದು ಬಂದು ಕೈ ಮೂಸಿತು. "ಇದು ಪಾಯಿಂಟರ್" ಅಂದ. "ಯಾವ ಅಡ್ರೆಸ್‌ಗೆ ಪಾಯಿಂಟ್ ಮಾಡುತ್ತೆ?" ಅಂತ ಸುಮ್ನೆ ತಮಾಷೆಗೆ ಕೇಳಿದೆ. ಅವನು ನಗಲಿಲ್ಲ. "ಹಕ್ಕಿ ಇರೋ ಕಡೆಗೆ" ಅಂದ.

ನಿಜವೇ. ಇದು ಬೇಟೆನಾಯಿ, ಆದರೆ ಹಕ್ಕಿಯ ಮೇಲೆ ಎರಗಬಾರದು. ಪೊದೆಯಿಂದ ವಾಸನೆ ಬಂದ ಕೂಡಲೇ ನಿಂತಲ್ಲೇ ಕಲ್ಲಾಗಬೇಕು. ಮೂತಿ ನೇರ ಆ ಕಡೆಗೆ, ಒಂದು ಮುಂಗಾಲು ಮಡಿಸಿ ಮೇಲೆ, ಬಾಲ ಸೆಟೆದು ಹಿಂದಕ್ಕೆ. 'ಅಲ್ಲಿದೆ ನೋಡು', ಅಷ್ಟೇ. ಹೊಡೆದ ಹಕ್ಕಿಯನ್ನು ಕಚ್ಚಿ ತರಲೆಂದೇ ಬೆಳೆಸಿದ ನಾಯಿ ರಿಟ್ರೀವರ್.

ಸಿ ಭಾಷೆಯ ಪಾಯಿಂಟರ್ ಕೂಡ ಥೇಟ್ ಹೀಗೇ ಅಲ್ವಾ? ಅದರೊಳಗೆ ನಮಗೆ ಬೇಕಾದ ಮಾಹಿತಿ ಇರುವುದಿಲ್ಲ. ಮೆಮೊರಿಯಲ್ಲಿ ಅದು ಎಲ್ಲಿದೆ ಅನ್ನುವ ಅಡ್ರೆಸ್ ಇರುತ್ತದೆ. ಹೆಸರಿನ ಮೊದಲಿಗೆ ನಕ್ಷತ್ರ ಚಿಹ್ನೆ ಹಾಕಿದರೆ ಆ ಜಾಗದಲ್ಲಿ ಇರುವುದು ಸಿಗುತ್ತದೆ. ಕಾಲೇಜಿನಲ್ಲಿ ಆ ಒಂದು ನಕ್ಷತ್ರ ನನ್ನನ್ನು ಬಹಳ ಗೋಳಾಡಿಸಿದೆ.

ನಕ್ಷತ್ರ ಅಂದಾಗ ನೆನಪಾಯಿತು. ಸಪ್ತರ್ಷಿ ಮಂಡಲದ ಪುಲಹ, ಕ್ರತು ನಕ್ಷತ್ರಗಳಿಗೂ ಇಂಗ್ಲಿಷಿನಲ್ಲಿ ಪಾಯಿಂಟರ್ಸ್ ಅನ್ನುತ್ತಾರೆ. ಪುಲಹದಿಂದ ಕ್ರತುವಿಗೆ ಗೆರೆ ಎಳೆದು, ಅದೇ ದಿಕ್ಕಿಗೆ ಅವೆರಡರ ನಡುವಿನ ದೂರದ ಸುಮಾರು 5 ಪಟ್ಟು ಹೋದರೆ ಧ್ರುವ ನಕ್ಷತ್ರ. ಇನ್ನು ತಕ್ಕಡಿಯ ಮುಳ್ಳು, ಮೇಷ್ಟರ ಕೋಲು, ಕಂಪ್ಯೂಟರ್ ಪರದೆಯ ಬಾಣ, ಎಲ್ಲವೂ ಪಾಯಿಂಟರೇ.

ನನ್ನ ಮಾನ ಕಳೆದದ್ದು ಮಾತ್ರ ಮತ್ತೊಂದು ಅರ್ಥ. ಮೊದಲ ಕೆಲಸದಲ್ಲಿ ಮ್ಯಾನೇಜರ್, "ಹೊಸಬರಿಗೆ ಒಂದೆರಡು ಪಾಯಿಂಟರ್ಸ್ ಕೊಡಿ" ಅಂತ ಮೇಲ್ ಹಾಕಿದ್ದರು. ಅರ್ಧ ದಿನ ಕೂತು ಸಿ ಪಾಯಿಂಟರ್ ಬಗ್ಗೆ 22 ಸ್ಲೈಡ್ ಮಾಡಿದೆ. ಅವರು ಕೇಳಿದ್ದು ಕೆಲಸದ ಬಗ್ಗೆ ಸಣ್ಣಪುಟ್ಟ ಸಲಹೆ. ಹೊಸಬರು ಪಾಪ, ಎಲ್ಲವನ್ನೂ ಬರೆದುಕೊಂಡರು.

ಅವತ್ತು ಅಂಗಳದ ಗೋಡೆ ಪಕ್ಕ ಒಂದು ಪಾರಿವಾಳ ಕೂತಿತ್ತು. ನಾಯಿ ಕಂಡದ್ದೇ ತಡ, ಮುಂಗಾಲು ಎತ್ತಿ ನಿಂತಿತು. ಉಸಿರಾಡುತ್ತಿದೆಯೋ ಇಲ್ಲವೋ ಅನ್ನುವ ಹಾಗೆ. ಸ್ವಲ್ಪ ಹೊತ್ತಿಗೆ ಪಾರಿವಾಳ ಪಟಪಟ ಹಾರಿಹೋಯಿತು. ನಾಯಿ ಮಾತ್ರ ಖಾಲಿ ಗೋಡೆಯನ್ನೇ ತೋರಿಸುತ್ತಾ ಹಾಗೇ ನಿಂತಿತ್ತು.

"ಡ್ಯಾಂಗ್ಲಿಂಗ್ ಪಾಯಿಂಟರ್!" ಅಂತ ಕೂಗಿದೆ. ಮೆಮೊರಿ ಬಿಟ್ಟುಕೊಟ್ಟ ಮೇಲೂ ಹಳೇ ಅಡ್ರೆಸ್ ಹಿಡಿದು ಕೂತ ಪಾಯಿಂಟರ್‌ಗೆ ನಾವು ಕರೆಯುವ ಹೆಸರು ಅದು. ಎಷ್ಟು ರಾತ್ರಿ ನಿದ್ದೆ ಕೆಡಿಸಿದೆಯೋ! ಇದನ್ನೆಲ್ಲ ಸ್ನೇಹಿತನಿಗೆ ವಿವರಿಸಿದೆ. ಅವನಿಗೆ ತಲೆಬುಡ ತಿಳಿಯಲಿಲ್ಲ. ನಾಯಿ ಇನ್ನೂ ಕಾಲು ಇಳಿಸಿರಲಿಲ್ಲ.