‘ಕಾಂಪೋಸ್ಟಬಲ್’ ಕವರ್ ಎಲ್ಲಿ ಕರಗುತ್ತದೆ, ಎಲ್ಲಿ ಕರಗುವುದಿಲ್ಲ

ಕವರ್ ಮೇಲೆ ಎಲೆಯ ಚಿತ್ರ, ಕೆಳಗೆ ‘100% ಬಯೋಡಿಗ್ರೇಡಬಲ್’ (ಸೂಕ್ಷ್ಮಜೀವಿಗಳು ತಿಂದು ಕರಗಿಸಬಲ್ಲದ್ದು) ಎಂಬ ಮುದ್ರೆ. ಇದನ್ನು ಕಂಡಾಗ ಕೇಳಬೇಕಾದ್ದು ಎರಡೇ ಪ್ರಶ್ನೆ: ಎಲ್ಲಿ ಕರಗುತ್ತದೆ, ಎಷ್ಟು ದಿನದಲ್ಲಿ? ಇವಕ್ಕೆ ಕವರ್ ಮೇಲೆ ಉತ್ತರ ಇಲ್ಲದಿದ್ದರೆ ಆ ಮುದ್ರೆಯನ್ನು ನಂಬಿ ಹೆಚ್ಚು ಹಣ ಕೊಡಬೇಡಿ.

ಬ್ರಿಟನ್ನಿನ ಪ್ಲಿಮತ್ ವಿಶ್ವವಿದ್ಯಾಲಯದ ಸಂಶೋಧಕರು ಐದು ಬಗೆಯ ಕವರ್‌ಗಳನ್ನು ಮಣ್ಣಿನಲ್ಲಿ ಹೂತು, ಸಮುದ್ರದಲ್ಲಿ ಮುಳುಗಿಸಿ, ಗಾಳಿಗೆ ಒಡ್ಡಿ ಮೂರು ವರ್ಷ ಕಾದು, 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಣ್ಣು ಮತ್ತು ಸಮುದ್ರದಲ್ಲಿದ್ದ ‘ಬಯೋಡಿಗ್ರೇಡಬಲ್’ ಕವರ್ ಮೂರು ವರ್ಷದ ನಂತರವೂ ಸಾಮಾನು ಹೊರುವಷ್ಟು ಗಟ್ಟಿಯಾಗಿತ್ತು. ಕಾಂಪೋಸ್ಟಬಲ್ ಕವರ್, ಅಂದರೆ ಗೊಬ್ಬರದ ರಾಶಿಯಲ್ಲಿ ಕರಗುವಂತೆ ಮಾಡಿದ್ದು, ಸಮುದ್ರದಲ್ಲಿ ಮೂರು ತಿಂಗಳೊಳಗೆ ಕಾಣೆಯಾಯಿತು. ಅದೇ ಕವರ್ ಮಣ್ಣಿನಲ್ಲಿ 27 ತಿಂಗಳಾದರೂ ಉಳಿದಿತ್ತು, ಭಾರ ಹಾಕಿದರೆ ಮಾತ್ರ ಹರಿಯುತ್ತಿತ್ತು. ಒಂದೇ ವಸ್ತು, ಜಾಗ ಬದಲಾದರೆ ಗತಿಯೂ ಬೇರೆ.

ಕಾರಣ ರಸಾಯನದಲ್ಲಿದೆ. ಕಾಂಪೋಸ್ಟಬಲ್ ಲೋಟ, ಮುಚ್ಚಳ, ಚಮಚಗಳಲ್ಲಿ ಹೆಚ್ಚಾಗಿ ಬಳಸುವುದು ಪಿಎಲ್‌ಎ (ಪಾಲಿಲ್ಯಾಕ್ಟಿಕ್ ಆಮ್ಲ) ಎಂಬ ಪ್ಲಾಸ್ಟಿಕ್. ಜೋಳದ ಪಿಷ್ಟ ಅಥವಾ ಕಬ್ಬಿನ ಸಕ್ಕರೆಯನ್ನು ಹುದುಗಿಸಿ ಪಡೆದ ಲ್ಯಾಕ್ಟಿಕ್ ಆಮ್ಲದಿಂದ ಇದನ್ನು ಮಾಡುತ್ತಾರೆ. ಇದರ ಉದ್ದನೆಯ ಅಣು ಸರಪಳಿಯನ್ನು ಸೂಕ್ಷ್ಮಜೀವಿಗಳು ನೇರವಾಗಿ ತಿನ್ನಲಾರವು. ಮೊದಲು ನೀರು ಅದನ್ನು ಚಿಕ್ಕ ಚಿಕ್ಕ ತುಂಡಾಗಿ ಒಡೆಯಬೇಕು. ಆ ಕೆಲಸ ಚುರುಕಾಗುವುದು ಪಿಎಲ್‌ಎ ಮೆತ್ತಗಾಗುವ 55ರಿಂದ 60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ. ದೊಡ್ಡ ಗೊಬ್ಬರದ ಘಟಕದ ರಾಶಿ ಅಷ್ಟು ಬಿಸಿಯಾಗುತ್ತದೆ. ಬಾಲ್ಕನಿಯ ಡಬ್ಬ ಆಗುವುದಿಲ್ಲ. ಸುಮಾರು ಒಂದು ಘನ ಮೀಟರ್‌ಗಿಂತ ಚಿಕ್ಕ ರಾಶಿ ಹುಟ್ಟಿದ ಶಾಖವನ್ನು ಬೇಗ ಬಿಟ್ಟುಕೊಡುತ್ತದೆ, ಹಾಗಾಗಿ ಬಕೆಟ್‌ಗೆ ಹಾಕಿದ ಪಿಎಲ್‌ಎ ಚಮಚ ತಿಂಗಳುಗಟ್ಟಲೆ ಚಮಚವಾಗಿಯೇ ಉಳಿಯುತ್ತದೆ. ನಿಮ್ಮ ಗೊಬ್ಬರ ಮಾಡುವ ವಿಧಾನ ಕೆಟ್ಟಿದೆ ಎಂದು ಬೇಸರಪಡಬೇಕಿಲ್ಲ.

ಮಾನದಂಡಗಳು ಹೇಳುವುದೂ ಇದನ್ನೇ. ಯುರೋಪಿನ ಇಎನ್ 13432 ಪ್ರಕಾರ 12 ವಾರದ ನಂತರ ಗೊಬ್ಬರವನ್ನು 2 ಮಿಲಿಮೀಟರ್ ಜರಡಿಯಲ್ಲಿ ಜಾಲಿಸಿದಾಗ ಮೂಲ ತೂಕದ 10%ಕ್ಕಿಂತ ಹೆಚ್ಚು ಮೇಲೆ ಉಳಿಯಬಾರದು, ಮತ್ತು ಆರು ತಿಂಗಳಲ್ಲಿ 90% ಜೈವಿಕವಾಗಿ ವಿಘಟನೆಯಾಗಬೇಕು. ಭಾರಲೋಹಗಳಿಗೂ ಮಿತಿ ಇದೆ, ಆ ಗೊಬ್ಬರದಲ್ಲಿ ಗಿಡ ಬೆಳೆಸಿಯೂ ನೋಡುತ್ತಾರೆ. ಅಮೆರಿಕದ ಎಎಸ್‌ಟಿಎಂ ಡಿ6400 ಹೆಚ್ಚುಕಡಿಮೆ ಇದೇ ಹಾದಿಯದು. ಆದರೆ ವಿಘಟನೆಯ ಪ್ರಯೋಗ ನಡೆಯುವುದು ಸುಮಾರು 58 ಡಿಗ್ರಿಯಲ್ಲಿ. ಮನೆಯ ಡಬ್ಬಕ್ಕೆ ಬೇಕಾದ್ದು ಬೇರೆ ಮುದ್ರೆ: ‘ಓಕೆ ಕಾಂಪೋಸ್ಟ್ ಹೋಮ್’, ಅಥವಾ ಆಸ್ಟ್ರೇಲಿಯಾದ ಎಎಸ್ 5810, ಅಥವಾ ಫ್ರಾನ್ಸಿನ ಎನ್‌ಎಫ್ ಟಿ51-800. ಇವುಗಳ ಪರೀಕ್ಷೆ ಸಾಮಾನ್ಯ ಹವೆಯ ಶಾಖದಲ್ಲಿ, 20ರಿಂದ 30 ಡಿಗ್ರಿಯಲ್ಲಿ ನಡೆಯುತ್ತದೆ. ಅವಧಿಯೂ ಹೆಚ್ಚು, ವಿಘಟನೆಗೆ ಒಂದು ವರ್ಷದವರೆಗೆ. ಪ್ರಮಾಣಪತ್ರ ನಿರ್ದಿಷ್ಟ ದಪ್ಪಕ್ಕೆ ಮಾತ್ರ ಅನ್ವಯಿಸುತ್ತದೆ ಎಂಬುದನ್ನು ಮರೆಯಬೇಡಿ. ತೆಳು ಕವರ್‌ಗೆ ಸಿಕ್ಕ ಅರ್ಹತೆ ಅದೇ ವಸ್ತುವಿನ ದಪ್ಪ ಡಬ್ಬಿಗೆ ಸಲ್ಲುವುದಿಲ್ಲ.

ಈ ಮುದ್ರೆಯೂ ಪೂರ್ತಿ ಭರವಸೆಯಲ್ಲ. ಲಂಡನ್ನಿನ ಯುಸಿಎಲ್ ವಿಶ್ವವಿದ್ಯಾಲಯ ಬ್ರಿಟನ್ನಿನ ಸಾರ್ವಜನಿಕರ ನೆರವಿನಿಂದ ನಡೆಸಿದ ಅಧ್ಯಯನ 2022ರಲ್ಲಿ ಹೊರಬಂತು. ಮನೆ ಗೊಬ್ಬರಕ್ಕೆ ಅರ್ಹ ಎಂದು ಪ್ರಮಾಣಿತವಾದ ಪ್ಲಾಸ್ಟಿಕ್‌ಗಳಲ್ಲೂ 60% ಪೂರ್ತಿಯಾಗಿ ಚೂರಾಗಿರಲಿಲ್ಲ ಎಂದು ಅದು ಕಂಡುಕೊಂಡಿತು. ಆದ್ದರಿಂದ ನಿಮ್ಮ ಡಬ್ಬದಲ್ಲೇ ಒಮ್ಮೆ ಪರೀಕ್ಷಿಸುವುದು ಒಳ್ಳೆಯದು.

ಕವರ್‌ನಿಂದ 5 ಸೆಂಟಿಮೀಟರ್ ಚೌಕದ ನಾಲ್ಕು ತುಂಡು ಕತ್ತರಿಸಿ. ಅಷ್ಟೇ ಅಳತೆಯ ನಾಲ್ಕು ತುಂಡು ಸಾದಾ ನ್ಯೂಸ್‌ಪ್ರಿಂಟ್ ಕಾಗದ ತೆಗೆದುಕೊಳ್ಳಿ. ಎರಡನ್ನೂ ಬೇರೆ ಬೇರೆ ನೈಲಾನ್ ಬಲೆಚೀಲದಲ್ಲಿ, ಒಂದಿಷ್ಟು ಗೊಬ್ಬರದ ಜೊತೆ ಹಾಕಿ, ಬಾಯಿ ಕಟ್ಟಿ ಡಬ್ಬದ ನಡುಭಾಗದಲ್ಲಿ ಹೂತಿಡಿ. ಒಂದು ಹಿಡಿ ಗೊಬ್ಬರ ಹಿಂಡಿದರೆ ಒಂದೆರಡು ಹನಿ ನೀರು ಬರುವಷ್ಟು ತೇವ ಸದಾ ಇರಲಿ. ವಾರಕ್ಕೊಮ್ಮೆ ತಿರುವಿ ಹಾಕಿ. 12 ವಾರವಾದಾಗ ಒಮ್ಮೆ, 26 ವಾರವಾದಾಗ ಇನ್ನೊಮ್ಮೆ ತೆಗೆದು ನೋಡಿ. ಕಾಗದ ಇಲ್ಲಿ ಮುಖ್ಯ: ಕಾಗದವೂ ಹಾಗೇ ಉಳಿದಿದ್ದರೆ ನಿಮ್ಮ ಡಬ್ಬ ಒಣಗಿದೆ ಅಥವಾ ಗಾಳಿಯಾಡುತ್ತಿಲ್ಲ, ಕವರ್ ಬಗ್ಗೆ ಏನೂ ಹೇಳಲಾಗದು. ಕಾಗದ ಮಾಯವಾಗಿ ಕವರ್ ಉಳಿದಿದ್ದರೆ ಆ ಕವರ್ ನಿಮ್ಮ ಡಬ್ಬಕ್ಕೆ ಸಲ್ಲದು. ಚೂರಾದದ್ದೆಲ್ಲ ಕರಗಿದಂತಲ್ಲ, ಪರೀಕ್ಷೆ ಬಲೆಚೀಲದಲ್ಲೇ ನಡೆಯಲಿ ಎನ್ನುವುದು ಉಳಿದ ಚೂರು ಗೊಬ್ಬರದಲ್ಲಿ ಕಳೆದುಹೋಗದಿರಲಿ ಎಂದೇ.

ಇನ್ನೂ ಬೇಗ ಆಗುವ ಪರೀಕ್ಷೆ ಒಂದಿದೆ. ಒಂದು ಲೋಟ ನೀರಿಗೆ ಪಾತ್ರೆ ತೊಳೆಯುವ ದ್ರವ ಸೋಪಿನ ಒಂದು ಹನಿ ಬೆರೆಸಿ. ಕವರ್‌ನ ಚಿಕ್ಕ ತುಂಡನ್ನು ಅದರಲ್ಲಿ ಮುಳುಗಿಸಿ, ಎರಡೂ ಬದಿ ಬೆರಳಲ್ಲಿ ಉಜ್ಜಿ ಗಾಳಿಗುಳ್ಳೆ ಬಿಡಿಸಿ, ಚಮಚದಿಂದ ತಳಕ್ಕೆ ಒತ್ತಿ ಬಿಡಿ. ಮೇಲೆ ತೇಲಿ ಬಂದರೆ ಅದು ಬಹುತೇಕ ಪಾಲಿಥಿನ್ ಅಥವಾ ಪಾಲಿಪ್ರೊಪಿಲಿನ್. ಪಿಎಲ್‌ಎ ಮತ್ತು ಕಾಂಪೋಸ್ಟಬಲ್ ಕವರ್‌ಗಳಿಗೆ ಬಳಸುವ ಪಿಬಿಎಟಿ ಎಂಬ ಮೆತ್ತನೆಯ ಪ್ಲಾಸ್ಟಿಕ್ ನೀರಿಗಿಂತ ಭಾರ, ಅವು ಮುಳುಗುತ್ತವೆ. ಆದರೆ ಮುಳುಗಿದ ಮಾತ್ರಕ್ಕೆ ಕಾಂಪೋಸ್ಟಬಲ್ ಎಂದು ತೀರ್ಮಾನಿಸಬೇಡಿ. ಸುಣ್ಣದಕಲ್ಲಿನ ಪುಡಿ ಬೆರೆಸಿದ ಪಾಲಿಥಿನ್ ಕೂಡ ಮುಳುಗಬಹುದು.

‘ಸಸ್ಯಮೂಲ’ ಎಂಬ ಮುದ್ರೆಗೂ ಕರಗುವುದಕ್ಕೂ ಸಂಬಂಧವಿಲ್ಲ. ಕಬ್ಬಿನಿಂದ ಮಾಡಿದ ಪಾಲಿಥಿನ್ ರಾಸಾಯನಿಕವಾಗಿ ಪೆಟ್ರೋಲಿಯಂ ಪಾಲಿಥಿನ್ನೇ. ಇದಕ್ಕಿಂತ ಕೆಟ್ಟದ್ದು ಆಕ್ಸೋ-ಡಿಗ್ರೇಡಬಲ್: ಸಾಮಾನ್ಯ ಪ್ಲಾಸ್ಟಿಕ್‌ಗೆ ಕೋಬಾಲ್ಟ್, ಮ್ಯಾಂಗನೀಸ್‌ನಂತಹ ಲೋಹದ ಲವಣ ಸೇರಿಸಿ ಬಿಸಿಲಿಗೆ ಚೂರುಚೂರಾಗುವಂತೆ ಮಾಡಿದ್ದು. ಯುರೋಪಿಯನ್ ಒಕ್ಕೂಟ ಇದರ ಮಾರಾಟಕ್ಕೆ 2021ರ ಜುಲೈ 3ರಿಂದ ನಿಷೇಧ ಹೇರಿದೆ. ಇದನ್ನು ಎಲ್ಲಿ ಕಂಡರೂ ಕೊಳ್ಳಬೇಡಿ.

ಕೈಗೆ ಬಂದದ್ದನ್ನು ಯಾವ ಬುಟ್ಟಿಗೆ ಹಾಕಬೇಕು? ಪಿಎಲ್‌ಎ ಲೋಟವನ್ನು ಮರುಬಳಕೆಗೆ ಹೋಗುವ ಪೆಟ್ (ನೀರಿನ ಬಾಟಲಿಯ ಪ್ಲಾಸ್ಟಿಕ್) ಬಾಟಲಿಗಳ ಜೊತೆ ಖಂಡಿತ ಬೇಡ. ಕಣ್ಣಿಗೆ ಎರಡೂ ಒಂದೇ, ಎರಡೂ ನೀರಲ್ಲಿ ಮುಳುಗುತ್ತವೆ. ಆದರೆ ಮರುಬಳಕೆಗೆ ಕಾಯಿಸುವಾಗ ಪೆಟ್ ಕರಗಿ ದ್ರವವಾಗಲು ಸುಮಾರು 250 ಡಿಗ್ರಿ ಬೇಕು, ಪಿಎಲ್‌ಎ 180ರೊಳಗೇ ಕರಗಿ ಅಂಟಾಗಿ ಇಡೀ ರಾಶಿಯನ್ನು ಮಬ್ಬಾಗಿಸುತ್ತದೆ. ಹಸಿ ಕಸಕ್ಕೆ ಹಾಕುವ ಮೊದಲು ಆ ಕಸ ಹೋಗುವ ಘಟಕ ಕಾಂಪೋಸ್ಟಬಲ್ ಪ್ಲಾಸ್ಟಿಕ್ ಸ್ವೀಕರಿಸುತ್ತದೆಯೇ ಎಂದು ಕೇಳಿ. ಎಷ್ಟೋ ಘಟಕಗಳು 12 ವಾರ ಕಾಯುವುದಿಲ್ಲ. ಯಾವುದು ಪಾಲಿಥಿನ್, ಯಾವುದು ಅಲ್ಲ ಎಂದು ಗುರುತಿಸಲಾಗದೆ ಎಲ್ಲವನ್ನೂ ಆರಿಸಿ ಹೊರಗೆಸೆಯುತ್ತವೆ. ಸ್ವೀಕರಿಸುವುದಿಲ್ಲ ಎಂದಾದರೆ ಹಸಿ ಕಸದ ಬುಟ್ಟಿಗೆ ಕವರ್ ಹಾಸುವ ಬದಲು ಎರಡು ಪದರ ಕಾಗದ ಹಾಸಿ, ತಳಕ್ಕೆ ಒಂದು ಹಿಡಿ ಒಣ ಎಲೆ ಹಾಕಿ. ನೀರು ಅದರಲ್ಲೇ ಹೀರಿಕೊಳ್ಳುತ್ತದೆ.

ಕವರ್‌ನ ಬದಲು ಚೀಲ ಕೊಳ್ಳುವವರಿಗೆ ಒಂದು ಲೆಕ್ಕ. ಬ್ರಿಟನ್ನಿನ ಪರಿಸರ ಸಂಸ್ಥೆಯ 2011ರ ಅಧ್ಯಯನದಂತೆ, ಒಮ್ಮೆ ಬಳಸಿ ಎಸೆಯುವ ತೆಳು ಪ್ಲಾಸ್ಟಿಕ್ ಕವರ್‌ಗೆ ಹವಾಮಾನದ ಹೊರೆಯಲ್ಲಿ ಸರಿಗಟ್ಟಲು ಕಾಗದದ ಚೀಲ 3 ಬಾರಿ, ನೇಯದ ಪಾಲಿಪ್ರೊಪಿಲಿನ್ ಚೀಲ 11 ಬಾರಿ, ಹತ್ತಿ ಚೀಲ 131 ಬಾರಿ ಬಳಕೆಯಾಗಬೇಕು. ಮನೆಯಲ್ಲಿ ಈಗಾಗಲೇ ಇರುವ ಚೀಲವನ್ನು ಹರಿಯುವತನಕ ಬಳಸುವುದೇ ಲೇಸು. ಹೊಸ ಹತ್ತಿ ಚೀಲವನ್ನು ಉಚಿತವಾಗಿ ಕೊಟ್ಟರೂ ಬೇಡ ಎನ್ನಿ.

ಮಾರುವವರ ಮಾತಿಗೂ ಕಡಿವಾಣ ಬೀಳುತ್ತಿದೆ. ಐಎಸ್‌ಒ 14021 ಮಾನದಂಡ ‘ಪರಿಸರಸ್ನೇಹಿ’, ‘ಹಸಿರು’ ಎಂಬಂತಹ ಅಸ್ಪಷ್ಟ ಹೇಳಿಕೆಗಳನ್ನು ಬಳಸಲೇಬಾರದು ಎನ್ನುತ್ತದೆ. ಯುರೋಪಿಯನ್ ಒಕ್ಕೂಟದ 2024ರ ನಿರ್ದೇಶನ, ಪುರಾವೆಯಿಲ್ಲದ ಇಂತಹ ಸಾಮಾನ್ಯ ಹೇಳಿಕೆಗಳನ್ನು ನಿಷೇಧಿಸುತ್ತದೆ. ಅನ್ವಯವಾಗುವುದು 2026ರ ಸೆಪ್ಟೆಂಬರ್ 27ರಿಂದ. ಆ ಕಾನೂನು ತಲುಪದ ಕಡೆ ಗ್ರಾಹಕರೇ ಕೇಳಬೇಕು. ತಯಾರಕರಿಗೆ ಬರೆಯುವಾಗ ಮೂರು ವಿಷಯ ಸಾಕು: ಯಾವ ಮಾನದಂಡ, ಪ್ರಮಾಣಪತ್ರದ ಸಂಖ್ಯೆ ಎಷ್ಟು, ಅದು ಎಷ್ಟು ದಪ್ಪದವರೆಗೆ ಅನ್ವಯ. ಸಂಖ್ಯೆ ಬಂದರೆ ಅದನ್ನು ಕೊಟ್ಟ ಸಂಸ್ಥೆಯ ಜಾಲತಾಣದಲ್ಲಿ ಹುಡುಕಿ, ಉತ್ಪನ್ನದ ಹೆಸರು ಮತ್ತು ಅವಧಿ ಎರಡೂ ತಾಳೆಯಾಗುತ್ತವೆಯೇ ನೋಡಿ.