ಉಹುದ್ ಬೆಟ್ಟದ ಬುಡದಲ್ಲಿ ಆಸ್ತಿ ಪಾಲಿನ ಮಾತು

ಮದೀನಾದಲ್ಲಿ ಮುಂಜಾನೆಯ ಫಜ್ರ್ ನಮಾಝ್ ಮುಗಿಸಿ ಹೊರಗೆ ಬಂದರೆ ಸಾಕು, ವ್ಯಾನ್ ಚಾಲಕರು "ಝಿಯಾರತ್, ಝಿಯಾರತ್" (ಪುಣ್ಯಸ್ಥಳಗಳ ಭೇಟಿ) ಅಂತ ಕೂಗುತ್ತಾ ನಿಂತಿರುತ್ತಾರೆ. ಉಹುದ್, ಖಂದಕ್, ಕಿಬ್ಲತೈನ್, ಕುಬಾ, ಎಲ್ಲವನ್ನೂ ಒಂದೇ ಸುತ್ತಿನಲ್ಲಿ ತೋರಿಸಿ ಮಧ್ಯಾಹ್ನದ ಝುಹರ್ ನಮಾಝ್‌ಗೆ ಮೊದಲೇ ವಾಪಸ್ ಬಿಡುತ್ತಾರೆ. ಉಮ್ರಾ ಯಾತ್ರೆಗೆ ಹೋಗುವವರಿಗೆ ನನ್ನದೊಂದು ಸಲಹೆ: ಹಾಗೆ ಹೋಗಬೇಡಿ. ಉಹುದ್‌ಗೆ ಒಂದು ಬೆಳಗ್ಗೆ ಪೂರ್ತಿ ಕೊಡಿ. ನಾವು ಹಾಗೇ ಮಾಡಿದೆವು. ಶಿವಮೊಗ್ಗ, ಭದ್ರಾವತಿ ಕಡೆಯ ನಮ್ಮ ಗುಂಪಿನವರು ಅಮ್ಮಿ, ಖಾಲಾ ಅಂತ ಕರೆಯುವ ಹಿರಿಯ ಹೆಂಗಸರನ್ನೆಲ್ಲ ಕೂರಿಸಿಕೊಂಡು ಬಿಸಿಲು ಏರುವ ಮೊದಲೇ ಹೊರಟೆವು.

ದೂರ ಏನಿಲ್ಲ. ಮಸ್ಜಿದುನ್ನಬವಿಯಿಂದ (ಪ್ರವಾದಿಯವರ ಮಸೀದಿ) ಉತ್ತರಕ್ಕೆ ಸುಮಾರು 5 ಕಿಲೋಮೀಟರ್. ಕಟ್ಟಡಗಳ ಸಾಲು ಮುಗಿಯುತ್ತಿದ್ದ ಹಾಗೆ ಕೆಂಪು ಮಿಶ್ರಿತ ಕಂದು ಬಣ್ಣದ ಬೆಟ್ಟ ಅಡ್ಡಕ್ಕೆ ಮಲಗಿರುವುದು ಕಾಣುತ್ತದೆ. ಮರವಿಲ್ಲ, ಹುಲ್ಲಿಲ್ಲ, ಬರೀ ಕಲ್ಲು. ಮಲೆನಾಡಿನ ಕಣ್ಣಿಗೆ ಅದು ಮೊದಲು ಒಗ್ಗುವುದಿಲ್ಲ. ಆದರೆ "ಉಹುದ್ ನಮ್ಮನ್ನು ಪ್ರೀತಿಸುವ ಬೆಟ್ಟ, ನಾವೂ ಅದನ್ನು ಪ್ರೀತಿಸುತ್ತೇವೆ" ಅಂತ ಪ್ರವಾದಿ(ಸ) ಹೇಳಿದ್ದು ನೆನಪಾದರೆ ಕಣ್ಣು ಅಲ್ಲಿಂದ ಕದಲುವುದಿಲ್ಲ.

ಬೆಟ್ಟದ ಎದುರು ಸಣ್ಣದೊಂದು ಗುಡ್ಡ ಇದೆ. ಜಬಲ್ ರುಮಾತ್, ಅಂದರೆ ಬಿಲ್ಲುಗಾರರ ಗುಡ್ಡ. ಮಕ್ಕಳೂ ಹತ್ತಬಹುದಾದಷ್ಟು ಎತ್ತರ. ಕೆಳಗೆ ಖರ್ಜೂರ, ಮಿಸ್ವಾಕ್, ತಸ್ಬಿ ಮಾರುವವರು. ಮೇಲೆ ಹತ್ತಿ ನಿಂತರೆ ಸುತ್ತಲೂ ಇಂಡೋನೇಷ್ಯಾದವರ ಗುಂಪು, ತುರ್ಕಿಯವರ ಗುಂಪು. ಭಾಷೆ ತಿಳಿಯದಿದ್ದರೂ ಗೈಡ್‌ಗಳ ಕೈ ತೋರಿಸುವ ದಿಕ್ಕಿನಿಂದಲೇ ಎಲ್ಲರೂ ಒಂದೇ ಕಥೆ ಹೇಳುತ್ತಿದ್ದಾರೆ ಅಂತ ಗೊತ್ತಾಗುತ್ತದೆ.

ಉಹುದ್ ಯುದ್ಧದ ಕಥೆ ನಮಗೆಲ್ಲ ಗೊತ್ತಿರುವುದೇ. ಕ್ರಿ.ಶ. 625, ಹಿಜರಿ 3ನೇ ವರ್ಷ. ಮಕ್ಕಾದಿಂದ ಸುಮಾರು 3000 ಜನರ ಸೇನೆ ಬಂದಿತ್ತು. ಮದೀನಾದಿಂದ ಹೊರಟವರು 1000, ದಾರಿಯಲ್ಲೇ ಮದೀನಾದ ಮುಖಂಡ ಅಬ್ದುಲ್ಲಾ ಇಬ್ನ್ ಉಬಯ್ಯ್ 300 ಜನರನ್ನು ಕರೆದುಕೊಂಡು ಹಿಂತಿರುಗಿದ, ಉಳಿದವರು 700. ಈ ಗುಡ್ಡದ ಮೇಲೆ 50 ಬಿಲ್ಲುಗಾರರು. ಹದ್ದುಗಳು ನಮ್ಮನ್ನು ಕಿತ್ತು ತಿನ್ನುವುದು ಕಂಡರೂ ನಾನು ಹೇಳಿ ಕಳಿಸುವ ತನಕ ಜಾಗ ಬಿಡಬೇಡಿ ಅಂತ ಪ್ರವಾದಿ(ಸ) ಹೇಳಿದ್ದರು. ಶತ್ರುಗಳು ಓಡಿದ್ದು ಕಂಡು ಹೆಚ್ಚಿನವರು ಕೆಳಗಿಳಿದರು. ಅವರ ನಾಯಕ ಅಬ್ದುಲ್ಲಾ ಇಬ್ನ್ ಜುಬೈರ್(ರ) ಮತ್ತು ಕೆಲವರು ಮಾತ್ರ ಉಳಿದರು. ಆಗಿನ್ನೂ ಇಸ್ಲಾಮಿಗೆ ಬಂದಿರದ ಖಾಲಿದ್ ಬಿನ್ ವಲೀದ್ ಕುದುರೆ ಪಡೆ ಕಟ್ಟಿಕೊಂಡು ಹಿಂದಿನಿಂದ ಬಿದ್ದರು. ಸುಮಾರು 70 ಸಹಾಬಿಗಳು (ಪ್ರವಾದಿಯವರ ಸಂಗಾತಿಗಳು) ಹುತಾತ್ಮರಾದರು.

ನಮ್ಮ ಮಸೀದಿಗಳಲ್ಲಿ ಉಹುದ್ ಬಗ್ಗೆ ಬಯಾನ್ (ಪ್ರವಚನ) ಆದರೆ ಇಲ್ಲಿಗೇ ನಿಲ್ಲುತ್ತದೆ. ಹೇಳಿದ ಮಾತು ಕೇಳಬೇಕು, ಕೇಳದಿದ್ದರೆ ಹೀಗಾಗುತ್ತದೆ. ಸರಿ, ಅದೂ ಪಾಠವೇ. ಆದರೆ ಆ ಗುಡ್ಡದ ಮೇಲೆ ನಿಂತಾಗ ನನ್ನ ತಲೆಯಲ್ಲಿ ಓಡುತ್ತಿದ್ದುದು ಯುದ್ಧ ಮುಗಿದ ಮೇಲಿನ ದಿನಗಳು.

ನೋಡಿ, ಊರಲ್ಲೇ ಇದ್ದು ಎದುರಿಸೋಣ ಅನ್ನುವುದು ಪ್ರವಾದಿಯವರ(ಸ) ಸ್ವಂತ ಅಭಿಪ್ರಾಯವಾಗಿತ್ತು. ಹೊರಗೆ ಹೋಗೋಣ ಅಂತ ಹಟ ಹಿಡಿದವರು ಹುರುಪಿನ ಯುವಕರು. ಅವರ ಮಾತಿಗೆ ಒಪ್ಪಿ ಹೊರಟಿದ್ದರು. ಆಮೇಲೆ ಏನಾಯಿತು? ಪ್ರವಾದಿಯವರ(ಸ) ಹಲ್ಲು ಮುರಿಯಿತು, ಮುಖಕ್ಕೆ ಗಾಯವಾಯಿತು. ಅಳಿಯ ಅಲಿ(ರ) ಗುರಾಣಿಯಲ್ಲಿ ನೀರು ತಂದರು, ಮಗಳು ಫಾತಿಮಾ(ರ) ತೊಳೆದರು, ರಕ್ತ ನಿಲ್ಲದಿದ್ದಾಗ ಚಾಪೆಯ ತುಂಡೊಂದನ್ನು ಸುಟ್ಟು ಬೂದಿಯನ್ನು ಗಾಯಕ್ಕೆ ಒತ್ತಿದರು. ಚಿಕ್ಕಪ್ಪ ಹಂಝಾ(ರ) ಹುತಾತ್ಮರಾಗಿದ್ದರು. "ನಾನು ಅವತ್ತೇ ಹೇಳಿದ್ದೆ" ಅನ್ನುವ ಹಕ್ಕು ಯಾರಿಗಾದರೂ ಇದ್ದರೆ ಅದು ಅವರಿಗೆ. ನಾನು ಓದಿದ ಸೀರತ್ (ಪ್ರವಾದಿಯವರ ಜೀವನಚರಿತ್ರೆ) ಕಿತಾಬುಗಳಲ್ಲಿ ಎಲ್ಲೂ ಆ ಮಾತಿಲ್ಲ. ಗುಡ್ಡ ಬಿಟ್ಟು ಇಳಿದವರಿಗೆ ಶಿಕ್ಷೆಯೂ ಇಲ್ಲ. ಆ ಸಂದರ್ಭಕ್ಕೇ ಇಳಿದ, ಕುರ್‌ಆನಿನ ಆಲಿ ಇಮ್ರಾನ್ ಅಧ್ಯಾಯದ 159ನೇ ಆಯತ್ (ವಚನ) ಹೇಳುವುದು ಇಷ್ಟು: ನೀವು ಕಠಿಣ ಮನಸ್ಸಿನವರಾಗಿದ್ದರೆ ಇವರು ನಿಮ್ಮ ಸುತ್ತಲಿಂದ ಚದುರಿ ಹೋಗುತ್ತಿದ್ದರು, ಅವರನ್ನು ಮನ್ನಿಸಿ, ಅವರ ಕ್ಷಮೆಗಾಗಿ ಬೇಡಿ, ವಿಷಯಗಳಲ್ಲಿ ಅವರ ಜೊತೆ ಸಮಾಲೋಚನೆ ಮಾಡಿ. ಕೇಳಿದ ಸಲಹೆಯಿಂದ ಅಷ್ಟು ದೊಡ್ಡ ನಷ್ಟ ಆದ ಮೇಲೂ ಮತ್ತೆ ಸಲಹೆ ಕೇಳಿ ಅಂತ! ನಮ್ಮಲ್ಲಿ ಮಗ ಅಂಗಡಿಯಲ್ಲಿ ಒಂದು ಸಲ ನಷ್ಟ ಮಾಡಿದರೆ ಹತ್ತು ವರ್ಷ ಅವನ ಮಾತಿಗೆ ಬೆಲೆ ಇರುವುದಿಲ್ಲ. ಜಮಾಅತ್ ಕಮಿಟಿಯಲ್ಲಿ ಹುಡುಗರು ಒಂದು ಕಾರ್ಯಕ್ರಮ ಕೆಡಿಸಿದರೆ ಮುಂದಿನ ಮೀಟಿಂಗಿಗೆ ಅವರನ್ನು ಕರೆಯುವುದೇ ಇಲ್ಲ. ಉಹುದ್ ಪಾಠ ಅಂತ ಕರೆಯಬೇಕಾದ್ದು ಇದನ್ನೇ ಅಲ್ವಾ?

ಗುಡ್ಡ ಇಳಿದು ಹುತಾತ್ಮರ ಕಬರಸ್ತಾನದ ಹತ್ತಿರ ಬಂದೆವು. ಸುತ್ತ ಬೇಲಿ, ಒಳಗೆ ಗೋರಿಯ ಕಟ್ಟಡ ಯಾವುದೂ ಇಲ್ಲ, ಸುಮ್ನೆ ಬಯಲು. ಮುಸ್‌ಅಬ್ ಬಿನ್ ಉಮೈರ್(ರ) ಅವರಿಗೆ ಕಫನ್ (ಶವಕ್ಕೆ ಹೊದಿಸುವ ಬಟ್ಟೆ) ಸಾಲದೆ, ತಲೆ ಮುಚ್ಚಿದರೆ ಕಾಲು ಕಾಣುತ್ತಿತ್ತು, ಕೊನೆಗೆ ಕಾಲಿನ ಮೇಲೆ ಇಝ್ಖಿರ್ ಹುಲ್ಲು ಹಾಕಿದರು ಅಂತ ನಮ್ಮ ಗುಂಪಿನ ಮೌಲಾನಾ ಹೇಳುವಾಗ ಹೆಂಗಸರು ಅಳುತ್ತಿದ್ದರು. ಅವರ ಪಕ್ಕದಲ್ಲಿ ನಿಂತು ನಾನು ಸಅದ್ ಬಿನ್ ರಬೀಅ್(ರ) ಬಗ್ಗೆ ಹೇಳಿ ಮೌಲಾನಾ ಅಂತ ಕೇಳಿದೆ.

ಸಅದ್ ಮದೀನಾದ ಅನ್ಸಾರಿ, ಅಂದರೆ ಮಕ್ಕಾದಿಂದ ಬಂದವರಿಗೆ ನೆರವಾದ ಊರಿನವರಲ್ಲಿ ಒಬ್ಬರು. ಮಕ್ಕಾದಿಂದ ಬರಿಗೈಯಲ್ಲಿ ಬಂದ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅವರಿಗೆ ಪ್ರವಾದಿ(ಸ) ಇವರನ್ನೇ ಸಹೋದರನಾಗಿ ಜೋಡಿಸಿದ್ದರು. ಅರ್ಧ ಆಸ್ತಿ ತಗೊಳ್ಳಿ ಅಂದವರು ಸಅದ್, ಬೇಡ, ಸಂತೆಯ ದಾರಿ ತೋರಿಸಿ ಅಂದು ಒಣ ಮೊಸರು, ತುಪ್ಪದ ವ್ಯಾಪಾರಕ್ಕೆ ಇಳಿದವರು ಅಬ್ದುರ್ರಹ್ಮಾನ್. ಇಷ್ಟು ಕಥೆ ಎಲ್ಲರಿಗೂ ಬಾಯಿಪಾಠ. ಮುಂದಿನದನ್ನು ಹೇಳುವವರು ಕಡಿಮೆ. ಅಷ್ಟು ದೊಡ್ಡ ಮನಸ್ಸಿನ ಸಅದ್ ಉಹುದ್‌ನಲ್ಲಿ ಹುತಾತ್ಮರಾದ ಮೇಲೆ, ಅವರ ಹೆಂಡತಿ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಪ್ರವಾದಿಯವರ(ಸ) ಹತ್ತಿರ ಬಂದರು. ಗಂಡನ ತಮ್ಮ ಆಸ್ತಿಯನ್ನೆಲ್ಲ ತಗೊಂಡಿದ್ದಾನೆ, ಹಣವಿಲ್ಲದೆ ಈ ಮಕ್ಕಳ ಮದುವೆ ಹೇಗೆ ಅಂತ ಕೇಳಿದರು. ಅಲ್ಲಾಹನೇ ಇದನ್ನು ತೀರ್ಮಾನಿಸುತ್ತಾನೆ ಅಂದರು ಪ್ರವಾದಿ(ಸ). ಆಮೇಲೆ ಅನ್ನಿಸಾ ಅಧ್ಯಾಯದ ವಾರಸುದಾರಿಕೆಯ ಆಯತ್ ಇಳಿಯಿತು. ಚಿಕ್ಕಪ್ಪನನ್ನು ಕರೆಸಿ ಹೇಳಿದರು: ಹೆಣ್ಣುಮಕ್ಕಳಿಗೆ ಮೂರರಲ್ಲಿ ಎರಡು ಪಾಲು, ಅವರ ತಾಯಿಗೆ ಎಂಟರಲ್ಲಿ ಒಂದು, ಉಳಿದದ್ದು ನಿನಗೆ. ಅಂದರೆ ಆಸ್ತಿಯನ್ನು 24 ಪಾಲು ಮಾಡಿದರೆ ಹುಡುಗಿಯರಿಗೆ 16, ತಾಯಿಗೆ 3, ಎಲ್ಲವನ್ನೂ ಬಾಚಿಕೊಂಡಿದ್ದ ಚಿಕ್ಕಪ್ಪನಿಗೆ 5.

ಇದನ್ನು ಓದಿದಾಗಲೆಲ್ಲ ನನಗೆ ನಮ್ಮ ಕಡೆಯ ಸಬ್ ರಿಜಿಸ್ಟ್ರಾರ್ ಕಚೇರಿಗಳ ಬೆಂಚುಗಳು ಕಣ್ಣ ಮುಂದೆ ಬರುತ್ತವೆ. ಅಣ್ಣತಮ್ಮಂದಿರ ನಡುವೆ ತಲೆ ತಗ್ಗಿಸಿ ಕೂತ ಅಕ್ಕತಂಗಿಯರು, ಕೈಯಲ್ಲಿ ಹಕ್ಕು ಬಿಡುಗಡೆ ಪತ್ರ. ಮನಸ್ಸಾರೆ ಬಿಟ್ಟುಕೊಟ್ಟರೆ ಅದು ಬೇರೆ ಮಾತು. ಹೆಚ್ಚಿನವರು ಹಾಗೆ ಬಿಟ್ಟುಕೊಡುವುದಿಲ್ಲ, ತವರು ತಪ್ಪಿಹೋಗುತ್ತದೆ ಅಂತ ಹೆದರಿ ಸಹಿ ಹಾಕುತ್ತಾರೆ. ಹೆಣ್ಣುಮಕ್ಕಳ ಪಾಲಿಗೆ ಅಡ್ಡ ನಿಂತಿದ್ದ ಊರಿನ ರೂಢಿಗಳನ್ನು ಬದಿಗಿಡುವುದು 1937ರ ಶರೀಅತ್ ಕಾಯ್ದೆಯ ಒಂದು ಉದ್ದೇಶವೇ ಆಗಿತ್ತು. ಮದುವೆ, ತಲಾಖ್ ವಿಷಯ ಬಂದಾಗ ಶರೀಅತ್ ಅನ್ನುವ ನಾವು, ತಂಗಿಯ ಪಾಲು ಬಂದಾಗ ರೂಢಿ ಅನ್ನುತ್ತೇವೆ. ಇದು ನನಗೆ ಬಹಳ ನೋವು ಕೊಡುವ ವಿಷಯ. ಐದು ಹೊತ್ತಿನ ನಮಾಝಿಯಾಗಿ, ಉಮ್ರಾಗೂ ಬಂದು, ಅದೇ ಹಣದಲ್ಲಿ ಅಕ್ಕನ ಪಾಲೂ ಸೇರಿಕೊಂಡಿದ್ದರೆ?

ವಾಪಸ್ ಬರುವಾಗ ಹಳೆಯ ಸಂತೆಯ ಜಾಗದ ಕಡೆಯಿಂದ ಬಂದೆವು. ಧಾನ್ಯದ ರಾಶಿಗೆ ಪ್ರವಾದಿ(ಸ) ಕೈ ಹಾಕಿದಾಗ ಒಳಗೆ ಒದ್ದೆ ಸಿಕ್ಕಿದ್ದು, ಒದ್ದೆಯಾದದ್ದನ್ನು ಜನರಿಗೆ ಕಾಣುವ ಹಾಗೆ ಮೇಲೆ ಯಾಕೆ ಇಡಲಿಲ್ಲ ಅಂತ ಕೇಳಿದ್ದು ಮದೀನಾದ ಸಂತೆಯಲ್ಲೇ. ಅಡಿಕೆ ವ್ಯಾಪಾರದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಮೂಟೆಯ ತಳದಲ್ಲಿ ತೇವ ಇದ್ದರೆ ತೂಕ ಜಾಸ್ತಿ.

ರಾತ್ರಿ ಇಶಾ ಆದ ಮೇಲೆ ಹೋಟೆಲ್ ಲಾಬಿಯಲ್ಲಿ ಕೂತಿದ್ದಾಗ ಗುಂಪಿನ ಖಾಲಾ ಒಬ್ಬರು ಮೌಲಾನಾ ಹತ್ತಿರ ಬಂದರು. ಬೆಳಗಿನಿಂದ ಅವರು ಹೆಚ್ಚು ಮಾತಾಡಿರಲಿಲ್ಲ. "ಅಬ್ಬಾ ತೀರಿಕೊಂಡಾಗ ಅಮ್ಮಿ ಇರಲಿಲ್ಲ. ಇಬ್ಬರು ತಮ್ಮಂದಿರು, ಒಬ್ಬಳೇ ನಾನು. ಲೆಕ್ಕ ಎಷ್ಟಾಗುತ್ತೆ ಹಝ್ರತ್?" ಅಂತ ಕೇಳಿದರು. ಮೌಲಾನಾ ಚೀಟಿಯ ಮೇಲೆ ಬರೆದು ತೋರಿಸಿದರು: ಐದು ಪಾಲು, ಅವರಿಗೆ ಎರಡೆರಡು, ನಿಮಗೆ ಒಂದು. ಬಲವಂತಕ್ಕೆ ಹಾಕಿದ ಸಹಿ ಇದ್ದರೆ ಊರಿಗೆ ಹೋಗಿ ಮುಫ್ತಿಗಳ ಹತ್ತಿರ ಎಲ್ಲವನ್ನೂ ಬಿಡಿಸಿ ಹೇಳಿ, ತಮ್ಮಂದಿರನ್ನೂ ಕೂರಿಸಿಕೊಂಡು ಮಾತಾಡಿ ಅಂದರು. ಜಗಳ ಮಾಡಲ್ಲ, ಕೇಳ್ತೀನಿ ಅಷ್ಟೇ ಅಂದರು ಖಾಲಾ. ಆಮೇಲೆ ಇನ್ನೊಂದು ಚೀಟಿ ಮುಂದೆ ಇಟ್ಟರು. "ನನ್ನ ಹೆಸರಲ್ಲೂ ಒಂದು ಮನೆ ಇದೆ. ಮೂವರು ಗಂಡುಮಕ್ಕಳು, ಒಬ್ಬಳು ಮಗಳು. ನಾನು ಹೋದ ಮೇಲೆ ಅವಳಿಗೆ ಎಷ್ಟು ಬರಬೇಕು ಅಂತ ಈಗಲೇ ಬರೆದುಕೊಡಿ, ಹುಡುಗರಿಗೆ ನಾನೇ ತೋರಿಸ್ತೀನಿ."