ಫ್ರೀಯಾಗಿ ಹೊಲಿದ 18 ಗೌನುಗಳು

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ನನ್ನದೊಂದು ಟೈಲರ್ ಅಂಗಡಿ. ಎರಡು ಮಷಿನ್, ಅಂಚಿನ ನೂಲು ಬಿಚ್ಚದಂತೆ ಹೊಲಿಯುವ ಒಂದು ಓವರ್‌ಲಾಕ್, ಸಹಾಯಕ್ಕೆ ಒಬ್ಬ ಹುಡುಗ. ದಸರಾ ಮುಗಿದು ಕಾರ್ತಿಕದ ಮದುವೆಗಳು ಶುರುವಾದರೆ ಬ್ಲೌಸ್‌ಗಳ ರಾಶಿ ಕರಗುವುದೇ ಇಲ್ಲ. ಅದರ ಬೆನ್ನಿಗೇ ಕ್ರಿಸ್‌ಮಸ್ ಬರುತ್ತದೆ.

ಮೂರು ವರ್ಷದ ಹಿಂದೆ ನಮ್ಮ ಚರ್ಚ್ ಸಭೆಯ ಕ್ವಾಯರ್‌ಗೆ (ಹಾಡುವ ತಂಡಕ್ಕೆ) ಬಿಳಿ ಗೌನು ಬೇಕಾಗಿತ್ತು. ಒಟ್ಟು 18. ಬಟ್ಟೆ ಸಭೆಯವರೇ ತಂದುಕೊಟ್ಟರು. "ಹೊಲಿಗೆ ನನ್ನ ಕಾಣಿಕೆ, ಒಂದು ರೂಪಾಯಿಯೂ ಬೇಡ" ಅಂದೆ. ಎಲ್ಲರ ಎದುರೇ ಅಂದೆ. ಸಭಾಪಾಲಕರು ನನ್ನ ಹೆಸರು ಹೇಳಿ ಪ್ರಾರ್ಥನೆಯನ್ನೂ ಮಾಡಿದರು.

ಆಮೇಲೆ ಆ ಬಟ್ಟೆಯ ಗಂಟು ನವೆಂಬರ್ ಪೂರ್ತಿ ಅಟ್ಟದ ಮೇಲೆ ಕೂತಿತು. ದುಡ್ಡು ಕೊಡುವವರ ಬ್ಲೌಸ್‌ಗೆ ಹಗಲು ಹೊತ್ತು. ಗೌನಿಗೆ ರಾತ್ರಿ 10ರ ಮೇಲೆ, ನಿದ್ದೆಗೆ ಕಣ್ಣು ಎಳೆಯುವಾಗ. ಕಾಟನ್ ಪಾಪ್ಲಿನ್ ಬಟ್ಟೆಯನ್ನು ಕತ್ತರಿಸುವ ಮುಂಚೆ ನೆನೆಸಿ ಒಣಗಿಸಬೇಕು, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗುತ್ತದೆ. ನೆನೆಸಲಿಲ್ಲ. ಬೇಗ ಓಡಲಿ ಅಂತ ಹೊಲಿಗೆ ಉದ್ದ ಮಾಡಿಟ್ಟೆ. ಮದುವೆ ಬ್ಲೌಸಿನಲ್ಲಿ ಒಂದು ಇಂಚಿಗೆ 12 ಹೊಲಿಗೆ ಹಾಕುವವನು ಇಲ್ಲಿ 7 ಹಾಕಿದೆ.

ಕೊರಳಿನದು ಇನ್ನೂ ಅನ್ಯಾಯ. ಗೌನನ್ನು ತಲೆ ಮೇಲಿಂದ ಹಾಕಿಕೊಳ್ಳುತ್ತಾರೆ, ಅದಕ್ಕೇ ಕೊರಳಿನ ಕೆಳಗೆ ಒಂದು ಸೀಳು ಬಿಡುತ್ತೇವೆ. ಎಳೆತವೆಲ್ಲ ಬೀಳುವುದು ಆ ಸೀಳಿನ ತುದಿಗೆ. ಒಳಗಿನಿಂದ ಪಟ್ಟಿ ಕೊಟ್ಟು, ತುದಿಯಲ್ಲಿ ಎರಡು ಮೂರು ಸಲ ಹಿಂದೆ ಮುಂದೆ ಹೊಲಿದು ಗಟ್ಟಿ ಮಾಡಬೇಕು. ಪಟ್ಟಿ ಕತ್ತರಿಸಿ, ಕೂರಿಸಿ, ಒಳಕ್ಕೆ ತಿರುಗಿಸಿ ಹೊಲಿಯಲು ಒಂದೊಂದು ಗೌನಿಗೂ ಅರ್ಧ ಗಂಟೆ ಹಿಡಿಯುತ್ತದೆ. ನಾನು ಅಂಚನ್ನು ಸುಮ್ನೆ ಸಣ್ಣದಾಗಿ ಮಡಚಿ ಒಂದು ಹೊಲಿಗೆ ಓಡಿಸಿಬಿಟ್ಟೆ. ಹೊರಗಿನಿಂದ ನೋಡಿದರೆ ಯಾರಿಗೂ ಗೊತ್ತಾಗಲ್ಲ.

ಕ್ರಿಸ್‌ಮಸ್ ಬೆಳಿಗ್ಗೆ, ಆರಾಧನೆಗೆ ಇನ್ನೇನು ಐದು ನಿಮಿಷ ಇರುವಾಗ, ಒಬ್ಬ ಹುಡುಗಿ ಗೌನು ಹಾಕಿಕೊಳ್ಳುತ್ತಿದ್ದಳು. ಸೀಳು ಪರ್ ಅಂತ ಎದೆಯವರೆಗೆ ಹರಿಯಿತು. ಅವಳು ಮೂರು ಸೇಫ್ಟಿ ಪಿನ್ ಹಾಕಿಕೊಂಡು, ಹಾಡಿನ ಪುಸ್ತಕವನ್ನು ಅದರ ಮೇಲೆ ಒತ್ತಿ ಹಿಡಿದು, ಕೊನೆಯವರೆಗೂ ಹಾಡಿದಳು. ಮುಗಿದ ಮೇಲೆ ಕ್ಷಮೆ ಕೇಳಲು ಹೋದೆ.

"ಪರವಾಗಿಲ್ಲ ಅಂಕಲ್, ನೀವು ಫ್ರೀಯಾಗಿ ಹೊಲಿದುಕೊಟ್ರಲ್ವಾ" ಅಂದಳು.

ಒಳ್ಳೆ ಮನಸ್ಸಿನಿಂದಲೇ ಅಂದಳು. ನನಗೆ ಹಬ್ಬದ ಊಟ ಸೇರಲಿಲ್ಲ. ಫ್ರೀ ಅಂದಮೇಲೆ ಹೀಗೇ ಇರುತ್ತದೆ ಅಂತ ಆ ಮಗು ಕೂಡ ಒಪ್ಪಿಕೊಂಡುಬಿಟ್ಟಿತ್ತು. ಹಾಗೆ ಒಪ್ಪಿಸಿದ್ದು ನನ್ನ ಕೆಲಸ.

ಆ ವಾರ ಬೈಬಲಿನ ವಿಮೋಚನಕಾಂಡ ಓದುತ್ತಿದ್ದೆ. 28ನೇ ಅಧ್ಯಾಯ, ಮಹಾಯಾಜಕ ಆರೋನನ ಬಟ್ಟೆಗಳ ವಿವರ. ಎಷ್ಟೋ ಸಲ ಬೇಗ ಬೇಗ ಪುಟ ತಿರುಗಿಸಿದ್ದ ಜಾಗ ಅದು. ಈ ಸಲ 32ನೇ ವಚನ ದಾಟಲು ಆಗಲಿಲ್ಲ. ನಿಲುವಂಗಿಯಲ್ಲಿ ತಲೆ ತೂರಿಸಲು ಕಂಡಿ ಇರಬೇಕಂತೆ, ಅದು ಹರಿಯದ ಹಾಗೆ ಸುತ್ತಲೂ ನೇಯ್ದ ಪಟ್ಟಿ ಇರಬೇಕಂತೆ. ಸೀನಾಯಿ ಬೆಟ್ಟದ ಮೇಲೆ ಮೋಶೆ 40 ದಿನ ಇದ್ದಾಗ ದೇವರು ಹೇಳಿದ ಮಾತುಗಳಲ್ಲಿ ಕೊರಳಪಟ್ಟಿಯದ್ದೂ ಒಂದು ಮಾತು! 30 ವರ್ಷ ಕತ್ತರಿ ಹಿಡಿದ ನಾನು ಬಿಟ್ಟಿದ್ದು ಅದನ್ನೇ.

ಬೈಬಲಿನ ದಾವೀದ ರಾಜನ ಕಥೆಯೂ ಆಗಲೇ ನೆನಪಾಯಿತು. ದೇವರಿಗೆ ಬಲಿ ಅರ್ಪಿಸಲು ಅವನಿಗೆ ಜಾಗ ಬೇಕಿತ್ತು; ಜಾಗದ ಒಡೆಯ ಅರೌನನು ತನ್ನ ಕಣವನ್ನೂ ಎತ್ತುಗಳನ್ನೂ ಹಾಗೇ ತಗೊಳ್ಳಿ ಅಂದ. ದಾವೀದ ಕೇಳಲಿಲ್ಲ. ನನಗೆ ಖರ್ಚಾಗದ್ದನ್ನು ದೇವರಿಗೆ ಅರ್ಪಿಸುವುದಿಲ್ಲ ಅಂತ 50 ಶೆಕೆಲ್ ಬೆಳ್ಳಿ ಕೊಟ್ಟು ಕೊಂಡುಕೊಂಡ. ನಾನು ಕೂಲಿ ತಗೊಳ್ಳಲಿಲ್ಲ, ನಿಜ. ಆದರೆ ಕೊಟ್ಟಿದ್ದು ಯಾವ ಗಿರಾಕಿಗೂ ಬೇಡವಾದ ಗಂಟೆಗಳನ್ನು. ಅದನ್ನೇ ಕಾಣಿಕೆ ಅಂತ ಕರೆದಿದ್ದೆ.

ಜನವರಿಯಲ್ಲಿ ಅಷ್ಟೂ ಗೌನು ವಾಪಸ್ ತರಿಸಿಕೊಂಡೆ. ಒಗೆದು ಕುಗ್ಗಿದ್ದವು. ಕೆಳಗಿನ ಮಡಿಕೆ ಬಿಚ್ಚಿ ಉದ್ದ ಕೊಟ್ಟೆ. ಉದ್ದ ಹೊಲಿಗೆಗಳನ್ನೆಲ್ಲ ಬಿಚ್ಚಿ ಮತ್ತೆ ಹಾಕಿದೆ, ಪ್ರತಿ ಕೊರಳಿಗೂ ಪಟ್ಟಿ ಕೂರಿಸಿದೆ. ಈ ಸಲ ರಾತ್ರಿ ಅಲ್ಲ. ಬೆಳಿಗ್ಗೆ ಅಂಗಡಿ ತೆಗೆದ ಮೊದಲ ಒಂದು ಗಂಟೆ, ಕಣ್ಣು ಕೈ ಎರಡೂ ಚುರುಕಾಗಿರುವಾಗ. ಆ ಹೊತ್ತಿನಲ್ಲಿ ಗಿರಾಕಿ ಬಂದು ಅವಸರ ಮಾಡಿದರೆ ನಿಜವಾಗಲೂ ಕಷ್ಟವಾಗುತ್ತಿತ್ತು. ಎರಡು ಮದುವೆ ಆರ್ಡರ್ ಬಿಡಬೇಕಾಯಿತು. ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳಾದ ಲೆಂಟ್ ಶುರುವಾಗುವ ಹೊತ್ತಿಗೆ ಕೊನೆಯ ಗೌನು ಮುಗಿಯಿತು.

ಆಮೇಲೆ ಇನ್ನೊಂದು ಚುಚ್ಚತೊಡಗಿತು. ಬರೀ ಚರ್ಚಿನ ಬಟ್ಟೆಗೆ ಮಾತ್ರ ಈ ನಿಷ್ಠೆಯಾ? ಮನುಷ್ಯರಿಗೆ ಅಂತಲ್ಲ, ಕರ್ತನಿಗೆ ಅಂತ ಮನಸ್ಸಿಟ್ಟು ಕೆಲಸ ಮಾಡಿ ಅಂತ ಅಪೊಸ್ತಲ ಪೌಲನು ಕೊಲೊಸ್ಸೆ ಊರಿನ ಸಭೆಯವರಿಗೆ ಬರೆದದ್ದು ಗುಡಿ ಕೆಲಸದವರಿಗಲ್ಲ, ಯಜಮಾನರ ಮನೆಯಲ್ಲಿ ದುಡಿಯುವ ದಾಸರಿಗೆ. ಮಾಲೀಕರು ನೋಡುವಾಗ ಮಾತ್ರ ಮಾಡಬೇಡಿ ಅನ್ನುವುದೂ ಅಲ್ಲೇ ಇದೆ. ನಮ್ಮ ಬೀದಿಯಲ್ಲಿ ಮನೆಗೆಲಸ ಮಾಡುವ ಅಕ್ಕನೊಬ್ಬರು ವರ್ಷಕ್ಕೊಂದು ಬ್ಲೌಸ್ ಹೊಲಿಸುತ್ತಾರೆ, ಲೈನಿಂಗ್ ಇಲ್ಲದ್ದು. ಅವರ ಬ್ಲೌಸಿನ ಒಳಅಂಚಿಗೆ ನಾನು ಯಾವತ್ತೂ ಓವರ್‌ಲಾಕ್ ಹಾಕಿರಲಿಲ್ಲ. ಈಗ ಹಾಕುತ್ತೇನೆ. ಕಂಕುಳಲ್ಲಿ ಒಂದು ಇಂಚು ಬಟ್ಟೆ ಜಾಸ್ತಿಯೂ ಬಿಡುತ್ತೇನೆ, ಮುಂದೆ ಬಿಚ್ಚಿ ಸಡಿಲ ಮಾಡಿಕೊಳ್ಳಲಿ ಅಂತ.

ಈ ವರ್ಷ ಸಂಡೆ ಸ್ಕೂಲ್ ಮಕ್ಕಳಿಗೆ 14 ಗೌನು ಬೇಕು ಅಂತ ಹೇಳಿದ್ದಾರೆ. ಬಟ್ಟೆ ನಿನ್ನೆ ಬಂತು. ರಾತ್ರಿಯೇ ಬಕೆಟ್‌ನಲ್ಲಿ ನೆನೆಹಾಕಿದ್ದೆ, ಈಗ ಮಹಡಿ ಮೇಲೆ ಒಣಗುತ್ತಿದೆ.